ಬಾಗೇವಾಡಿ ಸೀಮೆಯಲ್ಲಿ ಮನೆಗಾವಲು: ಹುಡೆಯಿಂದ ಕ್ಯಾಮೆರಾದವರೆಗೆ

ಕೋಟೆಕೊತ್ತಲಗಳನ್ನು ಕುರಿತು ನಮ್ಮ ನಾಡಿನ ಇತಿಹಾಸಕಾರರು ಬರೆದಿರುವುದು ವಿಪುಲವಾಗಿದೆ. ಮನೆಯ ಕದವನ್ನು ಕುರಿತು ಬರೆದಿರುವುದು ತೀರ ಸ್ವಲ್ಪ. ಸುಲ್ತಾನನು ತನ್ನ ರಾಜಧಾನಿಯನ್ನು ಹೇಗೆ ಕಾಯಿಸುತ್ತಿದ್ದನೆಂಬುದು ನಮಗೆ ತಿಳಿದಿದೆ. ಆದರೆ ಸುಗ್ಗಿಯ ಕಾಲದಲ್ಲಿ ರೈತನು ಹೆಂಡಿರು ಮಕ್ಕಳೊಡನೆ ಹೊಲಕ್ಕೆ ಹೋಗಿದ್ದಾಗ ಅವನ ಮನೆಯನ್ನು ಯಾರು ನೋಡಿಕೊಳ್ಳುತ್ತಿದ್ದರೆಂಬ ಪ್ರಶ್ನೆಯನ್ನು ನಾವು ಕೇಳಿಕೊಂಡದ್ದು ಅಪರೂಪ.

ಆ ಪ್ರಶ್ನೆಯನ್ನು ಈಗ ಎತ್ತುವುದಕ್ಕೆ ಒಂದು ಇತ್ತೀಚಿನ ರೂಢಿಯೇ ಕಾರಣ. ಬಸವನ ಬಾಗೇವಾಡಿ ತಾಲ್ಲೂಕಿನವರಾಗಿ ಬೆಂಗಳೂರಿನಲ್ಲಿಯೋ ಪುಣೆಯಲ್ಲಿಯೋ ಉದ್ಯೋಗದಲ್ಲಿರುವವರು ಕಚೇರಿಯ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ, ಕೆಲಸದ ಕಾಗದಪತ್ರಗಳ ಪಕ್ಕದಲ್ಲಿಯೇ, ಒಂದು ಪುಟ್ಟ ಚೌಕಟ್ಟನ್ನು ತೆರೆದಿಟ್ಟುಕೊಳ್ಳುತ್ತಾರೆ. ಅದರೊಳಗೆ ಊರಿನ ಮನೆಯ ಕಟ್ಟೆ, ಬೀಗ ಹಾಕಿದ ಬಾಗಿಲು, ಎದುರಿನ ಓಣಿಯ ಒಂದು ತುಂಡು ಕಾಣುತ್ತಿರುತ್ತದೆ. ಇದು ಯಂತ್ರಯುಗದ ಬೆಡಗು ಮಾತ್ರವೆಂದು ಕೆಲವರು ಬಗೆಯಬಹುದು. ದೂರದಲ್ಲಿದ್ದು ಮನೆಯನ್ನು ಕಾಯಿಸಿಕೊಳ್ಳಬೇಕೆಂಬ ಬಯಕೆಯು ಈ ಸೀಮೆಯಲ್ಲಿ ಬಹು ಹಳೆಯದೆಂಬುದು ನಮ್ಮ ಅಭಿಪ್ರಾಯ. ಹಿಂದೆ ಮನೆಯನ್ನು ನೋಡುತ್ತಿದ್ದವನೇ ಕಳವಾದಾಗ ಓಡಿ ಹೋಗಬೇಕಾದವನೂ ಆಗಿದ್ದನು, ಅದಕ್ಕೆ ಉತ್ತರ ಹೇಳಬೇಕಾದವನೂ ಆಗಿದ್ದನು. ಸುಮಾರು ಇನ್ನೂರು ವರ್ಷಗಳಲ್ಲಿ ಈ ಕೆಲಸಗಳು ಒಂದರಿಂದೊಂದು ಹೇಗೆ ಬೇರ್ಪಟ್ಟುವೆಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ನೆಲದ ಸ್ವರೂಪವನ್ನು ಗಮನಿಸಬೇಕು. ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳಗಳ ಎರೆಭೂಮಿಯು ಬಹುಮಟ್ಟಿಗೆ ಬಟ್ಟಬಯಲು. ಮರಗಳು ವಿರಳ, ನೋಟಕ್ಕೆ ಅಡ್ಡಿ ಕಡಿಮೆ. ಮಲೆನಾಡಿನಂತೆ ಒಂದೊಂದು ಮನೆ ಒಂದೊಂದು ತೋಟದಲ್ಲಿ ದೂರದೂರಕ್ಕೆ ನಿಲ್ಲುವ ಪದ್ಧತಿ ಇಲ್ಲಿಲ್ಲ. ಮಣ್ಣಿನ ಮಾಳಿಗೆಯ ಮನೆಗಳು ಗೋಡೆಗೆ ಗೋಡೆ ಹತ್ತಿಕೊಂಡು ನಿಂತು, ಮಾಳಿಗೆಯಿಂದ ಮಾಳಿಗೆಗೆ ದಾಟಬಹುದಾದ ಒಂದೇ ಮುದ್ದೆಯಾಗಿ ಊರು ಕುಳಿತಿರುತ್ತದೆ. ಹಿಂಗಾರಿ ಜೋಳದ ಕೊಯ್ಲಿನ ಕಾಲಕ್ಕೆ ಆಳುಮಕ್ಕಳೆಲ್ಲರೂ ಹೊಲದಲ್ಲಿರುವುದರಿಂದ ಹಗಲಿನಲ್ಲಿ ಊರು ಬರಿದಾಗುತ್ತಿತ್ತು. ಹೊಲದಲ್ಲಿದ್ದವನಿಗೆ ಊರು ಒಂದು ಮಣ್ಣಿನ ಗುಡ್ಡೆಯಂತೆ ಕಾಣುತ್ತಿತ್ತೇ ಹೊರತು ತನ್ನ ಬಾಗಿಲು ಕಾಣುತ್ತಿರಲಿಲ್ಲ.

ಈ ಕೊರತೆಗೆ ಊರವರು ಕಂಡುಕೊಂಡ ಉಪಾಯಗಳಲ್ಲಿ ಕಣ್ಣಿಗೆ ಎದ್ದು ಕಾಣುವುದು ಹುಡೆ. ಕಲ್ಲು ಮಣ್ಣುಗಳಿಂದ ದುಂಡಗೆ ಕಟ್ಟಿದ, ಮೇಲಕ್ಕೆ ಹೋದಂತೆ ಸ್ವಲ್ಪ ಕಿರಿದಾಗುವ ಈ ಬುರುಜುಗಳು ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಅರೆಬಿದ್ದ ಸ್ಥಿತಿಯಲ್ಲಿ ಈಗಲೂ ಇವೆ. ಕೆಲವು ಗೌಡರ ಇಲ್ಲವೆ ದೇಸಾಯರ ವಾಡೆಗೆ ಹೊಂದಿಕೊಂಡಿದ್ದರೆ, ಕೆಲವು ಊರ ನಡುವೆ ಒಂಟಿಯಾಗಿ ನಿಂತಿವೆ. ಇವುಗಳನ್ನು ಯುದ್ಧದ ಕಟ್ಟಡಗಳೆಂದು ಮಾತ್ರ ವಿವರಿಸುವುದು ವಾಡಿಕೆ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ದಖ್ಖಣದ ಹಳ್ಳಿಗಳನ್ನು ಸುಲಿಯುತ್ತಿದ್ದ ಪಿಂಡಾರಿಗಳ ಹಾವಳಿಯ ನೆನಪು ಇವುಗಳಿಗೆ ಅಂಟಿಕೊಂಡಿರುವುದೂ ನಿಜ. ಆದರೆ ಗುಂಡು ಹಾರಿಸುವ ದಿನಕ್ಕಿಂತ ಸುಮ್ಮನೆ ನೋಡುತ್ತ ನಿಲ್ಲುವ ದಿನಗಳು ನೂರುಪಟ್ಟು ಹೆಚ್ಚಾಗಿದ್ದುವೆಂಬುದನ್ನು ಮರೆಯಬಾರದು. ಹುಡೆಯ ಮೇಲೆ ನಿಂತವನಿಗೆ ಅಗಸಿಯ ಬಾಗಿಲು, ಊರ ಸುತ್ತಿನ ಹಾದಿಗಳು, ಎಲ್ಲ ಮನೆಗಳ ಮಾಳಿಗೆಗಳು ಒಮ್ಮೆಗೇ ಕಾಣುತ್ತಿದ್ದುವು. ಬಯಲಿನ ದೂಳಿನಿಂದಲೇ ಬರುವವರು ಕುದುರೆಯ ಮೇಲಿರುವರೋ ಬಂಡಿಯಲ್ಲಿರುವರೋ ಎಂದು ಅವನು ಊಹಿಸಬಲ್ಲವನಾಗಿದ್ದನು. ಅಪಾಯ ಕಂಡರೆ ಅವನು ಕೂಗಬೇಕು, ಹಲಗೆ ಬಡಿಸಬೇಕು. ಹೊಲದಲ್ಲಿದ್ದ ಯಜಮಾನನಿಗೆ ತನ್ನ ಬಾಗಿಲು ಕಾಣದಿದ್ದರೂ ಹುಡೆಯ ಸದ್ದು ಕೇಳುತ್ತಿತ್ತು.

ದೊಡ್ಡ ಪ್ರಮಾಣದಲ್ಲಿ ಇದೇ ಬಗೆಯ ಕಟ್ಟಡವನ್ನು ನೋಡಬೇಕೆನ್ನುವವರು ವಿಜಯಪುರದ ಉಪ್ಪಲಿ ಬುರುಜಿಗೆ ಹೋಗಬಹುದು. ಕ್ರಿ.ಶ. 1584ರ ಸುಮಾರಿಗೆ ಹೈದರ್ ಖಾನನು ಕಟ್ಟಿಸಿದ ಇದರ ಎತ್ತರ ಸುಮಾರು 80 ಅಡಿ. ಹೊರಮೈಯನ್ನು ಬಳಸಿಕೊಂಡು ಮೆಟ್ಟಿಲುಗಳು ಏರುತ್ತವೆ. ನಗರದ ಕೋಟೆಗೋಡೆಯನ್ನು ಸರದಾರರೆಲ್ಲರೂ ಹಂಚಿಕೊಂಡು ಕಟ್ಟುತ್ತಿದ್ದಾಗ ಹೈದರ್ ಖಾನನು ಊರಲ್ಲಿರಲಿಲ್ಲವೆಂದೂ, ತನ್ನ ಪಾಲು ತಪ್ಪಿದ್ದಕ್ಕೆ ಗೋಡೆಯ ಒಳಗಡೆ ಎಲ್ಲಕ್ಕಿಂತ ಎತ್ತರವಾದ ಬುರುಜನ್ನು ಕಟ್ಟಿಸಿದನೆಂದೂ ಐತಿಹ್ಯವುಂಟು. ಊರಲ್ಲಿಲ್ಲದವನೇ ಊರಿಗೆಲ್ಲ ದೊಡ್ಡ ಕಣ್ಣನ್ನು ಕಟ್ಟಿಸಿದನೆಂಬುದು ನಮ್ಮ ವಿಷಯಕ್ಕೆ ಚೆನ್ನಾಗಿ ಹೊಂದುವ ಮಾತು.

ಮನೆಯೊಳಗಿನ ಉಪಾಯಗಳು ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿದಿದ್ದುವು. ಹುಡೆಯು ಎಲ್ಲವನ್ನೂ ಕಾಣಿಸಿದರೆ ಮನೆಯು ಎಲ್ಲವನ್ನೂ ಬಚ್ಚಿಡುತ್ತಿತ್ತು. ದಪ್ಪ ಗೋಡೆ, ತಗ್ಗು ಬಾಗಿಲು, ಒಳಗಿನಿಂದ ಅಡ್ಡಹಾಕುವ ಅಗಳಿ. ಕಿಟಕಿಗಳಿಗೆ ಬದಲಾಗಿ ಮಾಳಿಗೆಯಲ್ಲಿ ಬೆಳಕಿಂಡಿ. ರೈತನ ನಿಜವಾದ ಐಶ್ವರ್ಯವಾದ ಜೋಳವು ನೆಲದೊಳಗಿನ ಹಗೇವಿನಲ್ಲಿ ಇರುತ್ತಿತ್ತು. ಹಗೇವಿನ ಬಾಯಿಯನ್ನು ಕಲ್ಲಿನಿಂದ ಮುಚ್ಚಿ, ಮೇಲೆ ಮಣ್ಣು ಹಾಕಿ, ನೆಲವನ್ನು ಸಮಮಾಡಿ ಸಾರಿಸಿಬಿಟ್ಟರೆ ಅದರ ಮೇಲೆ ನಡೆದಾಡುವ ಅಪರಿಚಿತನಿಗೆ ಅದರ ಸುಳಿವೂ ಹತ್ತುತ್ತಿರಲಿಲ್ಲ. ಹುಡೆಯ ಮೇಲಿನವನು ಮನೆಯ ಹೊರಮೈಯನ್ನು ಎಷ್ಟು ಬೇಕಾದರೂ ನೋಡಬಹುದಾಗಿತ್ತು, ಒಳಗನ್ನು ನೋಡುವ ಹಕ್ಕು ಅವನಿಗಿರಲಿಲ್ಲ. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದು ನಮಗೆ ಬೇಕಾಗುತ್ತದೆ.

ಇನ್ನು ಕಾವಲುಗಾರನ ವಿಚಾರ. ತಳವಾರನೆಂಬ ಹೆಸರು ಬಹು ಪ್ರಾಚೀನವಾದುದು. ಕ್ರಿ.ಶ. ಮೂರನೆಯ ಶತಮಾನದ ನಾಗಾರ್ಜುನಕೊಂಡದ ಶಾಸನಗಳಲ್ಲಿ ‘ಮಹಾತಳವರ’ ಎಂಬ ದೊಡ್ಡ ಅಧಿಕಾರಿಗಳು ಬರುತ್ತಾರೆ. ಕಾಲಾಂತರದಲ್ಲಿ ಪದವಿ ಇಳಿಯುತ್ತ ಬಂದು, ನಮ್ಮ ಸೀಮೆಯಲ್ಲಿ ಆ ಹೆಸರು ಊರಕಾವಲಿನ ಸೇವಕನಿಗೆ ನಿಂತಿತು. ಅವನ ಜೊತೆಗೆ ವಾಲೀಕಾರನಿದ್ದನು. ಗೌಡ ಕುಲಕರ್ಣಿಗಳ ಅಪ್ಪಣೆಯಂತೆ ಊರೊಳಗೆ ತಿರುಗುವುದು, ಸರಕಾರದ ಹಣವನ್ನು ಠಾಣೆಗೆ ಮುಟ್ಟಿಸುವುದು, ರಾತ್ರಿ ಗಸ್ತು ಹಾಕುವುದು ಇವರ ಕೆಲಸ. ಇವರಿಗೆ ಪ್ರತಿಫಲವಾಗಿ ವತನದ ಹೊಲವೂ, ಸುಗ್ಗಿಯಲ್ಲಿ ಕಣದಿಂದ ಇಷ್ಟೆಂದು ಧಾನ್ಯವೂ ಸಲ್ಲುತ್ತಿದ್ದುವು.

ಈ ವ್ಯವಸ್ಥೆಯ ಒಳಹುರುಳನ್ನು ತಿಳಿಯುವುದಕ್ಕೆ ಎಲ್ಫಿನ್‌ಸ್ಟನ್ನನು 1819ರಲ್ಲಿ ಬರೆದ, ಪೇಶ್ವೆಯಿಂದ ಗೆದ್ದುಕೊಂಡ ಪ್ರಾಂತಗಳ ವರದಿಯು ಬಹು ಉಪಯುಕ್ತವಾಗಿದೆ. ಅವನ ದೃಷ್ಟಿ ಮುಖ್ಯವಾಗಿ ಮಹಾರಾಷ್ಟ್ರದ ಹಳ್ಳಿಗಳ ಮೇಲಿದ್ದಿತಾದರೂ ಪೇಶ್ವೆಯ ಆಳಿಕೆಯಲ್ಲಿದ್ದ ಕೃಷ್ಣಾತೀರದ ಹಳ್ಳಿಗಳ ಪದ್ಧತಿಯೂ ಅದೇ ಜಾತಿಯದು. ಅವನ ವಿವರಣೆಯ ತಾತ್ಪರ್ಯವಿಷ್ಟು: ಊರಿಗೆ ಬಂದುಹೋಗುವವರೆಲ್ಲರನ್ನೂ ಕಾವಲುಗಾರನು ಗಮನಿಸಿರಬೇಕು, ಊರಿನ ಪ್ರತಿಯೊಬ್ಬನ ನಡತೆಯನ್ನೂ ಬಲ್ಲವನಾಗಿರಬೇಕು, ಕಳವಾದರೆ ಕಳ್ಳನನ್ನು ಹಿಡಿಯುವುದು ಅವನ ಹೊಣೆ. ಅವನು ಹೆಜ್ಜೆಯ ಜಾಡನ್ನು ಹಿಡಿದು ಹೋಗಿ, ಅದು ನೆರೆಯೂರಿನ ಸೀಮೆಯನ್ನು ಹೊಕ್ಕಿತೆಂದು ಅಲ್ಲಿಯ ಕಾವಲುಗಾರನಿಗೆ ಮನದಟ್ಟು ಮಾಡಿಕೊಟ್ಟರೆ ಇವನ ಹೊಣೆ ತೀರುತ್ತಿತ್ತು. ಜಾಡು ಅಲ್ಲಿಂದ ಮುಂದೆ ಆ ಊರಿನವನದು. ಹೀಗೆ ಕಟ್ಟಕಡೆಗೆ ಯಾವ ಊರಿನಲ್ಲಿ ಜಾಡು ನಿಂತಿತೋ ಆ ಊರು ಕಳುವಾದ ಒಡವೆಗೆ ಜವಾಬುದಾರಿಯಾಗುತ್ತಿತ್ತು. ಕಾವಲುಗಾರನು ತನ್ನ ಶಕ್ತಿಯಿದ್ದಷ್ಟನ್ನು ತುಂಬಿಕೊಡಬೇಕು. ಮಿಕ್ಕದ್ದನ್ನು ಊರಿನ ಮೇಲೆ ಹಾಕಲಾಗುತ್ತಿತ್ತು.

ಎರೆಮಣ್ಣಿನ ಗುಣವನ್ನು ಬಲ್ಲವರಿಗೆ ಈ ಜಾಡಿನ ನಿಯಮದ ಅರ್ಥ ಬೇಗನೆ ಹೊಳೆಯುತ್ತದೆ. ಮಳೆಗಾಲದ ಎರೆಯಲ್ಲಿ ಮೂಡಿದ ಹೆಜ್ಜೆಯು ಒಣಗಿದ ಮೇಲೆ ಅಚ್ಚಿನಂತೆ ಉಳಿಯುತ್ತದೆ. ಮನುಷ್ಯನ ಕೈವಾಡವಿಲ್ಲದೆ ನೆಲವೇ ದಾಖಲೆಯನ್ನು ಬರೆದಿಡುತ್ತಿತ್ತೆನ್ನಬಹುದು. ಅದನ್ನು ಓದುವ ವಿದ್ಯೆ ತಳವಾರನದು. ಓದಿದವನು ಅಲ್ಲಿಗೇ ನಿಲ್ಲುವಂತಿರಲಿಲ್ಲ, ಜಾಡು ಹೋದಲ್ಲಿಗೆ ಅವನೂ ಹೋಗಬೇಕಾಗಿತ್ತು.

ಹೀಗೆಂದ ಮಾತ್ರಕ್ಕೆ ಆ ಕಾಲವನ್ನು ನಾವು ಹೊಗಳುತ್ತಿದ್ದೇವೆಂದು ಯಾರೂ ಭಾವಿಸಬಾರದು. ಈ ದಂಡವು ನ್ಯಾಯವಾದುದಲ್ಲವೆಂದು ಎಲ್ಫಿನ್‌ಸ್ಟನ್ನನೇ ಒಪ್ಪಿದ್ದಾನೆ. ಕಳವನ್ನು ತಡೆಯುವ ಶಕ್ತಿಯಾಗಲಿ ನಷ್ಟವನ್ನು ತುಂಬುವ ಶಕ್ತಿಯಾಗಲಿ ಊರಿಗೆ ಎಷ್ಟೋ ಸಲ ಇರುತ್ತಿರಲಿಲ್ಲ. ಆದುದರಿಂದ ಪೂರ್ತಿ ಪರಿಹಾರವನ್ನು ಕೆಲವು ಪ್ರಸಂಗಗಳಲ್ಲಿ ಮಾತ್ರ ವಸೂಲು ಮಾಡುತ್ತಿದ್ದರು. ಕರ್ತವ್ಯದಲ್ಲಿ ತಪ್ಪಿದ ಅಥವಾ ಕಳ್ಳರೊಡನೆ ಕೈಗೂಡಿಸಿದ ಕಾವಲುಗಾರನಿಗೆ ಇನಾಮು ಕಳೆದುಕೊಳ್ಳುವುದರಿಂದ ಹಿಡಿದು ಬೇಡಿ, ಛಡಿ ಏಟುಗಳವರೆಗೆ ಶಿಕ್ಷೆಗಳಿದ್ದುವು. ಇದಲ್ಲದೆ ಕಾವಲಿನ ಕಷ್ಟವೆಲ್ಲವೂ ಬಹುಮಟ್ಟಿಗೆ ಸಮಾಜವು ಕೆಳಗಿಟ್ಟಿದ್ದ ಮನೆತನಗಳ ಪಾಲಿಗೆ ಬಂದಿತ್ತು. ಊರ ಬಾಗಿಲನ್ನು ಕಾಯುವವನಿಗೆ ಊರಿನ ಎಷ್ಟೋ ಮನೆಗಳ ಹೊಸ್ತಿಲೊಳಗೆ ಪ್ರವೇಶವಿರಲಿಲ್ಲ. ಇಷ್ಟೆಲ್ಲ ದೋಷಗಳ ನಡುವೆಯೂ ಒಂದು ಸಂಗತಿ ಮಾತ್ರ ಸ್ಪಷ್ಟ: ನೋಡಿದವನು ಯಾರೆಂಬುದು ಎಲ್ಲರಿಗೂ ಗೊತ್ತಿತ್ತು, ನೋಡಿಯೂ ಸುಮ್ಮನಿದ್ದರೆ ಯಾರನ್ನು ಕೇಳಬೇಕೆಂಬುದೂ ಗೊತ್ತಿತ್ತು.

ಕಂಪನಿ ಸರಕಾರವೂ ಅನಂತರದ ಬ್ರಿಟಿಷ್ ಸರಕಾರವೂ ಈ ಕಟ್ಟನ್ನು ಒಮ್ಮೆಗೇ ಬಿಚ್ಚಲಿಲ್ಲ. 1857ರಲ್ಲಿ ಆಯುಧಗಳನ್ನು ಕಸಿದುಕೊಳ್ಳುವ ಕಾಯಿದೆ ಬಂದಾಗ ಮುಧೋಳದ ಬಳಿಯ ಹಲಗಲಿಯ ಬೇಡರು ಎದ್ದ ಕಥೆ ಪ್ರಸಿದ್ಧವಾಗಿದೆ. ಕಾವಲಿನ ಕಸಬಿನವರ ಕೈಯಿಂದ ಆಯುಧವು ಹೋಯಿತೆಂದರೆ ಕಾವಲಿನ ಅರ್ಧವೇ ಹೋದಂತೆ. ಮುಂಬಯಿ ಪ್ರಾಂತದ 1867ರ ಗ್ರಾಮ ಪೊಲೀಸ್ ಕಾಯಿದೆಯು ಪೊಲೀಸ್ ಪಾಟೀಲನನ್ನು ನೆಲೆಗೊಳಿಸಿ ಕಾವಲುಗಾರರನ್ನು ಅವನ ಕೈಕೆಳಗಿರಿಸಿತು. 1874ರ ವಂಶಪರಂಪರೆಯ ಹುದ್ದೆಗಳ ಕಾಯಿದೆಯು ವತನಗಳನ್ನು ಪಟ್ಟಿಮಾಡಿತು. ಇನ್ನುಮುಂದೆ ಕಳವಿನ ಉತ್ತರವನ್ನು ಹೇಳಬೇಕಾದುದು ತಾಲ್ಲೂಕಿನ ಠಾಣೆ. ಊರು ನಷ್ಟವನ್ನು ತುಂಬಿಕೊಡುವ ಹಳೆಯ ಕಟ್ಟಳೆ ಮೆಲ್ಲನೆ ಮರೆಯಾಯಿತು. 1956ರ ನವೆಂಬರ್ 1ರಂದು ಬಿಜಾಪುರ ಜಿಲ್ಲೆಯು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯು 1963ರ ಫೆಬ್ರುವರಿ 1ರಿಂದ ಜಾರಿಗೆ ಬಂದು ಗೌಡ, ಕುಲಕರ್ಣಿ, ತಳವಾರ, ವಾಲೀಕಾರ ಎಲ್ಲ ವಂಶಪರಂಪರೆಯ ಹುದ್ದೆಗಳೂ ಮುಗಿದುವು. ಬಿಟ್ಟಿಯ ನೊಗವು ಕಳಚಿದ್ದು ಒಳ್ಳೆಯದೇ ಆಯಿತು. ಆದರೆ ಕಾಯಿದೆಯು ಹುದ್ದೆಯನ್ನು ತೆಗೆದಾಗ ಹುದ್ದೆಯೊಳಗಿದ್ದ ರಾತ್ರಿಯ ಗಸ್ತು ಯಾರದೆಂಬುದನ್ನು ಯಾರಿಗೂ ಸ್ಪಷ್ಟವಾಗಿ ಒಪ್ಪಿಸಲಿಲ್ಲ.

ಇದೇ ಕಾಲದಲ್ಲಿ ಮನೆಗಳಿಗೆ ಬೀಗ ಬೀಳುವುದೂ ಹೆಚ್ಚಿತು. ಗುಳೆ ಹೋಗುವುದು ಈ ಜಿಲ್ಲೆಗೆ ಹೊಸದಲ್ಲ. 1876–78ರ ಮಹಾಬರದಲ್ಲಿ ಸಾವು ಮತ್ತು ವಲಸೆಗಳಿಂದ ಆಗಿನ ಕಲಾದಗಿ ಜಿಲ್ಲೆಯ ಜನಸಂಖ್ಯೆಯು 1872 ಮತ್ತು 1881ರ ಎಣಿಕೆಗಳ ನಡುವೆ ಐದರಲ್ಲೊಂದು ಪಾಲಿಗಿಂತಲೂ ಹೆಚ್ಚು ಇಳಿಯಿತು. ಅನಂತರವೂ ಮಳೆ ತಪ್ಪಿದಾಗಲೆಲ್ಲ ಜನರು ಸೊಲ್ಲಾಪುರ, ಮುಂಬಯಿ, ಗೋವೆಗಳ ದಾರಿ ಹಿಡಿದರು. ತಾಂಡಾಗಳವರು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದರು. ಗುಳೆ ಹೋದವನ ಮನೆಯಲ್ಲಿ ಕಾಯುವಂಥದೇನೂ ಇರುತ್ತಿರಲಿಲ್ಲವೆಂಬುದು ಕಹಿಯಾದ ಮಾತಾದರೂ ಸತ್ಯ. ಓದಿ ನೌಕರಿ ಹಿಡಿದು ಹೋದವರ ಸ್ಥಿತಿ ಬೇರೆ. ಇವರು ಊರಲ್ಲಿ ಸಿಮೆಂಟಿನ ಮನೆಯನ್ನು ಕಟ್ಟಿಸುತ್ತಾರೆ. ಒಳಗೆ ಪಾತ್ರೆಪಡಗ, ತಿಜೋರಿ, ಕೆಲವು ಸಲ ವಯಸ್ಸಾದ ತಾಯಿತಂದೆಗಳು. ವರ್ಷದ ಬಹುಭಾಗ ಯಜಮಾನನಿರುವುದು ನೂರಾರು ಮೈಲಿ ದೂರದಲ್ಲಿ. ಹುಡೆಯಿಂದ ಕೂಗಿದರೆ ಅವನಿಗೆ ಕೇಳಿಸದು.

ಇಲ್ಲಿಂದ ನಮ್ಮ ಕಥೆ ಸ್ವಲ್ಪ ಹೊತ್ತು ಹೊರದೇಶಗಳಿಗೆ ಹೋಗಬೇಕಾಗುತ್ತದೆ. ತಂತಿಯ ಮೂಲಕ ದೂರದ ದೃಶ್ಯವನ್ನು ನೋಡುವ ಯಂತ್ರವು ಮೊದಲು ಬಳಕೆಗೆ ಬಂದುದು ಯುದ್ಧದಲ್ಲಿ. ವಾಲ್ಟರ್ ಬ್ರುಖ್ ಎಂಬ ಎಂಜಿನಿಯರನು 1942ರಲ್ಲಿ ಜರ್ಮನಿಯ ಪೇನೆಮುಂಡೆಯಲ್ಲಿ ವಿ-2 ರಾಕೆಟ್ಟಿನ ಉಡಾವಣೆಯನ್ನು ಸುರಕ್ಷಿತವಾದ ದೂರದಿಂದ ನೋಡಲು ಇದನ್ನು ಹೂಡಿದನು. ಮನೆಯ ಬಾಗಿಲಿಗೆ ಅದನ್ನು ತಂದವಳು ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಒಬ್ಬ ದಾದಿ, ಮೇರಿ ವಾನ್ ಬ್ರಿಟನ್ ಬ್ರೌನ್. ವೇಳೆಗೆಟ್ಟ ಪಾಳಿಯ ದುಡಿಮೆಯ ಈಕೆ ಎಷ್ಟೋ ರಾತ್ರಿ ಮನೆಯಲ್ಲಿ ಒಬ್ಬಳೇ ಇರಬೇಕಾಗಿತ್ತು, ಕರೆದರೆ ಪೊಲೀಸರು ಬೇಗ ಬರುತ್ತಿರಲಿಲ್ಲ. 1966ರಲ್ಲಿ ಈಕೆ ಗಂಡನೊಡನೆ ಸಲ್ಲಿಸಿದ ಅರ್ಜಿಗೆ 1969ರ ಡಿಸೆಂಬರ್ 2ರಂದು ಅಮೆರಿಕದ ಪೇಟೆಂಟು ದೊರೆಯಿತು. ಬಾಗಿಲಲ್ಲಿ ಬೇರೆ ಬೇರೆ ಎತ್ತರದ ಇಣುಕುಕಿಂಡಿಗಳು, ಅವುಗಳ ಹಿಂದೆ ಸರಿದಾಡುವ ಕ್ಯಾಮೆರಾ, ಮಲಗುವ ಕೋಣೆಯಲ್ಲಿ ನೋಡುವ ಪರದೆ, ಬಂದವನೊಡನೆ ಮಾತನಾಡುವ ಸಾಧನ. ಇವುಗಳ ಜೊತೆಗೆ ಸಹಾಯಕ್ಕಾಗಿ ಎಚ್ಚರಿಕೆಯನ್ನು ಕಳಿಸುವ ಗುಂಡಿ. ಈ ಕಡೆಯ ಅಂಗವನ್ನು ಗಮನಿಸಬೇಕು. ಓಡಿಬರುವವನಿಲ್ಲದ ನೋಟವು ಅರ್ಧ ಕೆಲಸವೆಂಬುದು ಆ ಹೆಣ್ಣುಮಗಳಿಗೆ ತಿಳಿದಿತ್ತು.

ಕೆಲಸದ ಮೇಜಿನಲ್ಲಿ ಕುಳಿತು ಕಂಪ್ಯೂಟರಿನಲ್ಲಿ ಬೇರೆಡೆಯನ್ನು ನೋಡುವ ರೂಢಿಯ ಮೂಲ ಮಾತ್ರ ವಿನೋದದ್ದು. ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದವರು ಕಾಫಿಯ ಪಾತ್ರೆ ತುಂಬಿದೆಯೋ ಬರಿದಾಗಿದೆಯೋ ಎಂದು ಎದ್ದುಹೋಗದೆ ತಿಳಿಯುವುದಕ್ಕಾಗಿ 1991ರಲ್ಲಿ ಅದರ ಮುಂದೆ ಒಂದು ಕ್ಯಾಮೆರಾವನ್ನು ಇಟ್ಟರು. 1993ರಲ್ಲಿ ಆ ಚಿತ್ರವು ಇಂಟರ್‌ನೆಟ್ಟಿಗೆ ಏರಿ, 2001ರಲ್ಲಿ ನಿಲ್ಲುವವರೆಗೆ ಜಗತ್ತೆಲ್ಲ ಆ ಪಾತ್ರೆಯನ್ನು ನೋಡಿತು. 1996ರಲ್ಲಿ ಸ್ವೀಡನ್ನಿನ ಆಕ್ಸಿಸ್ ಕಂಪನಿಯು ನೇರವಾಗಿ ಜಾಲಕ್ಕೆ ಜೋಡಿಸಬಹುದಾದ ಕ್ಯಾಮೆರಾವನ್ನು ಮಾರಾಟಕ್ಕೆ ತಂದಿತು.

ನಮ್ಮ ದೇಶದಲ್ಲಿ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತರೂ ಹಳ್ಳಿಯ ಮನೆಯನ್ನು ದೂರದಿಂದ ನೋಡುವುದು ಬಹುಕಾಲ ಸುಲಭವಾಗಿರಲಿಲ್ಲ. ಮೊದಮೊದಲ ವಿಧಾನವನ್ನು ವಿವರಿಸುವುದು ಅವಶ್ಯ, ಏಕೆಂದರೆ ಅದು ಆಗಲೇ ಮರೆತುಹೋಗುತ್ತಿದೆ. ಮನೆಯಲ್ಲಿ ನಾಲ್ಕಾರು ಕ್ಯಾಮೆರಾಗಳು, ಅವುಗಳ ಚಿತ್ರವನ್ನು ತುಂಬಿಡುವ ಒಂದು ಪೆಟ್ಟಿಗೆ, ಅದಕ್ಕೆ ಜೋಡಿಸಿದ ರೂಟರ್. ಹೊರಗಿನಿಂದ ಬಂದ ಕರೆಯು ಪೆಟ್ಟಿಗೆಯನ್ನು ಮುಟ್ಟುವಂತೆ ರೂಟರಿನಲ್ಲಿ ಒಂದು ದಾರಿಯನ್ನು ತೆರೆದಿಡಬೇಕು. ಟೆಲಿಫೋನ್ ಸಂಸ್ಥೆಯು ಕೊಡುವ ಅಂಕಿಯ ವಿಳಾಸವು ಆಗಾಗ ಬದಲಾಗುವುದರಿಂದ ಅದನ್ನು ಬೆನ್ನಟ್ಟಿ ಹಿಡಿಯುವ ಇನ್ನೊಂದು ಏರ್ಪಾಡು ಬೇಕು. ಕಚೇರಿಯ ಕಂಪ್ಯೂಟರಿನಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರಿಗೆ ಒಂದು ಬಾಲಂಗೋಚಿಯನ್ನು ಹಾಕಿಕೊಳ್ಳಬೇಕು. ಕಚೇರಿಯ ಜಾಲದ ಮೇಲ್ವಿಚಾರಕನು ಅದಕ್ಕೆ ತಡೆಹಾಕಿದ್ದರೆ ಆಟ ಅಲ್ಲಿಗೇ ಮುಗಿಯಿತು. ಎಲ್ಲವೂ ಕೂಡಿಬಂದ ದಿನ ಊರಲ್ಲಿ ಕರೆಂಟು ಇರಬೇಕು. 2,400 ಮೆಗಾವಾಟಿನ ಕೂಡಗಿಯ ಸ್ಥಾವರವು ಹಳೆಯ ಬಾಗೇವಾಡಿ ತಾಲ್ಲೂಕಿನ ನೆಲದಲ್ಲಿಯೇ ಎದ್ದಿದೆಯಾದರೂ ದೀಪದ ಬುಡದ ಕತ್ತಲೆಯ ಮಾತು ಇಲ್ಲಿಗೂ ಸಲ್ಲುತ್ತದೆ.

2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆಯು ಬಂದು ಮೊಬೈಲಿನ ಇಂಟರ್‌ನೆಟ್ ಅಗ್ಗವಾದ ಮೇಲೆ ಈ ಕಷ್ಟಗಳು ಬಹುಮಟ್ಟಿಗೆ ಕರಗಿದುವು. ಎಕ್ಸ್‌ಪ್ಲೋರರಿಗೆ ಅದರ ಒಡೆಯರೇ 2022ರ ಜೂನಿನಲ್ಲಿ ತಿಲಾಂಜಲಿಯಿತ್ತರು. ಆದರೆ ಸೌಕರ್ಯದ ಜೊತೆಯಲ್ಲಿ ವ್ಯವಸ್ಥೆಯ ರಚನೆಯೇ ಬದಲಾದುದನ್ನು ಹೆಚ್ಚು ಜನರು ಗಮನಿಸಿಲ್ಲ. ಹಿಂದಿನ ವಿಧಾನದಲ್ಲಿ ಯಜಮಾನನು ಹೊರಗಿನಿಂದ ತನ್ನ ಮನೆಯ ಕದವನ್ನು ತಾನೇ ತಟ್ಟುತ್ತಿದ್ದನು. ಈಗಿನ ಸಾಮಾನ್ಯ ವಿಧಾನದಲ್ಲಿ ಮನೆಯ ಕ್ಯಾಮೆರಾವು ಹಗಲಿರುಳೂ ಯಾವುದೋ ಕಂಪನಿಯ ಸರ್ವರಿನೊಡನೆ ಸಂಪರ್ಕವನ್ನಿಟ್ಟುಕೊಂಡಿರುತ್ತದೆ; ಯಜಮಾನನು ಕಚೇರಿಯಿಂದ ಅದೇ ಸರ್ವರಿಗೆ ತನ್ನ ಹೆಸರು, ಪಾಸ್‌ವರ್ಡುಗಳನ್ನು ಹೇಳುತ್ತಾನೆ; ಅದು ಇಬ್ಬರನ್ನೂ ಕೂಡಿಸುತ್ತದೆ. ಮನೆಗೂ ಯಜಮಾನನಿಗೂ ನಡುವೆ ಮತ್ತೆ ಒಬ್ಬ ತಳವಾರನು ಬಂದು ನಿಂತಂತಾಯಿತು. ಈತನಿಗೆ ಮುಖವಿಲ್ಲ, ವತನವಿಲ್ಲ, ಊರವರ ಮುಂದೆ ನಿಂತು ಉತ್ತರ ಹೇಳುವ ಕಟ್ಟುಪಾಡೂ ಇಲ್ಲ.

ಈ ಹೊಸ ಮಧ್ಯಸ್ಥನನ್ನು ನಂಬಬಹುದೇ ಎಂಬುದಕ್ಕೆ ಇತ್ತೀಚಿನ ಕೆಲವು ಪ್ರಸಂಗಗಳು ಉತ್ತರವನ್ನು ಕೊಡುತ್ತವೆ. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶವು ತಯಾರಕರು ಹಾಕಿಟ್ಟ ಪಾಸ್‌ವರ್ಡುಗಳನ್ನೇ ಉಳಿಸಿಕೊಂಡಿದ್ದ ಲಕ್ಷಗಟ್ಟಲೆ ಸಾಧನಗಳನ್ನು ವಶಪಡಿಸಿಕೊಂಡಿತು. ಇವುಗಳಲ್ಲಿ ಮನೆಯ ಕ್ಯಾಮೆರಾಗಳೂ ಚಿತ್ರ ತುಂಬುವ ಪೆಟ್ಟಿಗೆಗಳೂ ಬಹಳ. ಆ ವರ್ಷದ ಅಕ್ಟೋಬರ್ 21ರಂದು ಈ ಕಾವಲಿನ ಕಣ್ಣುಗಳ ಸೈನ್ಯವು ಅಮೆರಿಕದ ಇಂಟರ್‌ನೆಟ್ಟಿನ ದೊಡ್ಡ ಭಾಗವನ್ನೇ ಕೆಲವು ಗಂಟೆ ನಿಲ್ಲಿಸಿತು. 2021ರ ಮಾರ್ಚಿನಲ್ಲಿ ಅಮೆರಿಕದ ವರ್ಕಡಾ ಕಂಪನಿಯ ಮೇಲಧಿಕಾರದ ಒಂದೇ ಕೀಲಿಕೈಯಿಂದ ಸುಮಾರು 1,50,000 ಕ್ಯಾಮೆರಾಗಳು ಹೊರಗಿನವರಿಗೆ ತೆರೆದುಕೊಂಡುವು. 2023ರಲ್ಲಿ ರಿಂಗ್ ಎಂಬ ಮನೆಕ್ಯಾಮೆರಾದ ಕಂಪನಿಯು, ತನ್ನ ನೌಕರರು ಗ್ರಾಹಕರ ಖಾಸಗಿ ಕೋಣೆಗಳ ದೃಶ್ಯಗಳನ್ನು ನೋಡಲು ಅವಕಾಶವಿತ್ತೆಂಬ ಆಪಾದನೆಯ ಮೇಲೆ, 58 ಲಕ್ಷ ಡಾಲರ್ ತೆರಲು ಒಪ್ಪಬೇಕಾಯಿತು. ಭಾರತ ಸರಕಾರವು ಕ್ಯಾಮೆರಾಗಳ ಭದ್ರತಾ ಪರೀಕ್ಷೆಯನ್ನು 2025ರ ಏಪ್ರಿಲಿನಿಂದ ಕಡ್ಡಾಯಗೊಳಿಸಿದ್ದು ಇಂಥ ಅಂಜಿಕೆಯಿಂದಲೇ. ಇನ್ನು ಕಚೇರಿಯ ಕಂಪ್ಯೂಟರು ಕಚೇರಿಯದು. ಅದರಲ್ಲಿ ತನ್ನ ಮನೆಯ ಬಾಗಿಲನ್ನು ತೆರೆದಿಟ್ಟವನು ಸಂಜೆ ಅದನ್ನು ಮುಚ್ಚದೆ ಹೋದರೆ, ಮರುದಿನ ಅದೇ ಮೇಜಿಗೆ ಬಂದ ಪರಪುರುಷನಿಗೆ ಕೀಲಿಕೈಯನ್ನು ಕೊಟ್ಟುಹೋದಂತೆಯೇ ಸರಿ.

ದೂರದ ದೇಶಗಳ ಮಾತು ಸಾಕು. ಬಾಗೇವಾಡಿ ತಾಲ್ಲೂಕಿನ ಮನಗೂಳಿಗೆ ಬರೋಣ. ಬಿಜ್ಜಳನ ಕಾಲದ 1161ರ ಶಾಸನದಿಂದ ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತವಾದ ಈ ಊರು 2025ರ ಮೇ ತಿಂಗಳಲ್ಲಿ ಬೇರೊಂದು ಕಾರಣಕ್ಕಾಗಿ ದೇಶಕ್ಕೆಲ್ಲ ತಿಳಿಯಿತು. ಅಲ್ಲಿಯ ಕೆನರಾ ಬ್ಯಾಂಕಿನ ಶಾಖೆಯನ್ನು ವಾರಾಂತ್ಯದ ರಜೆಯಲ್ಲಿ ಒಡೆದು, ರೈತರೂ ಗೃಹಿಣಿಯರೂ ಸಾಲಕ್ಕಾಗಿ ಒತ್ತೆಯಿಟ್ಟಿದ್ದ ಸುಮಾರು 59 ಕಿಲೋ ಬಂಗಾರವನ್ನು ಒಯ್ಯಲಾಗಿತ್ತು. ಬ್ಯಾಂಕಿನಲ್ಲಿ ಕ್ಯಾಮೆರಾಗಳಿದ್ದುವು. ಅಂದಿನ ವರದಿಗಳಂತೆ ಕಳ್ಳರು ಚಿತ್ರವನ್ನು ತುಂಬಿಡುವ ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋಗಿದ್ದರು. ನೋಡಿದ ಕಣ್ಣು ಗೋಡೆಯ ಮೇಲೆ ಉಳಿಯಿತು, ಕಂಡದ್ದು ಕಳುವಿನ ಮಾಲಿನೊಡನೆ ಹೋಯಿತು. ಮುಂದೆ ಪೊಲೀಸರು ಬಂಧಿಸಿದವರಲ್ಲಿ ಹಿಂದೆ ಅದೇ ಶಾಖೆಯ ವ್ಯವಸ್ಥಾಪಕನಾಗಿದ್ದವನೂ ಒಬ್ಬನು. ಆರೋಪದ ನಿರ್ಣಯ ನ್ಯಾಯಾಲಯದ ಕೆಲಸ, ನಮ್ಮದಲ್ಲ. ಕಾವಲಿನ ಒಳಗುಟ್ಟನ್ನು ಬಲ್ಲವನ ಮೇಲೆ ಮೊದಲು ಸಂಶಯಪಡುವ ಪೇಶ್ವೆಯ ಕಾಲದ ನಿಯಮವು ಕ್ಯಾಮೆರಾದ ಕಾಲದಲ್ಲಿಯೂ ಅರ್ಥ ಕಳೆದುಕೊಂಡಿಲ್ಲವೆಂಬುದನ್ನಷ್ಟೇ ನಾವು ಸೂಚಿಸುತ್ತೇವೆ. ಎರೆಯ ನೆಲದ ಹೆಜ್ಜೆಯನ್ನು ಕಳ್ಳನು ಹೊತ್ತುಕೊಂಡು ಹೋಗುವಂತಿರಲಿಲ್ಲ.

ಬ್ಯಾಂಕಿಗಿಂತ ಮನೆಯ ಪ್ರಶ್ನೆ ಇನ್ನೊಂದು ರೀತಿಯಲ್ಲಿ ತೊಡಕಿನದು. ಹುಡೆಯವನು ಹೊರಮೈಯನ್ನು ಮಾತ್ರ ನೋಡುತ್ತಿದ್ದನೆಂದು ಮೇಲೆ ಹೇಳಿದೆವು. ಕ್ಯಾಮೆರಾವು ಕಟ್ಟೆಯಿಂದ ಆರಂಭವಾಗಿ ಪಡಸಾಲೆಗೆ, ಪಡಸಾಲೆಯಿಂದ ನಡುಮನೆಗೆ ಬರಲು ತಡವಾಗುವುದಿಲ್ಲ. ಮುದಿ ತಾಯಿ ಬಿದ್ದರೆ ತಿಳಿಯಲಿ ಎಂದು ಮಗನು ಹಾಕಿಸುವ ಕಾಳಜಿ ಮೆಚ್ಚತಕ್ಕದ್ದೇ. ಆದರೆ ಅದೇ ಕಣ್ಣು ಹಗಲೆಲ್ಲ ಸೊಸೆಯನ್ನೂ, ಭಾಂಡೆ ತಿಕ್ಕಲು ಬರುವ ಹೆಂಗಸನ್ನೂ, ಮಧ್ಯಾಹ್ನ ಕಾಲು ಚಾಚಿ ಕುಳಿತ ಆ ತಾಯಿಯನ್ನೂ ನೋಡುತ್ತದೆ. ಐನೂರು ಕಿಲೋಮೀಟರ್ ಆಚೆ ಮಗನ ಪಕ್ಕದ ಮೇಜಿನವರೂ ನೋಡಬಹುದು. ಜನ ಸೇರುವ ಸ್ಥಳಗಳಲ್ಲಿ ಕ್ಯಾಮೆರಾ ಹಾಕಿ ಚಿತ್ರವನ್ನು 30 ದಿನ ಇಡಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯಿದೆಯು ವಿಧಿಸಿತು. ಅದೇ ವರ್ಷದ ಆಗಸ್ಟ್ 24ರಂದು, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು ಸಾರಿತು. ಇವೆರಡರ ನಡುವೆ ಮನೆಯೊಳಗಿನ ಕ್ಯಾಮೆರಾ ಸಿಕ್ಕಿಕೊಂಡಿದೆ. 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯು ವ್ಯಕ್ತಿಯೊಬ್ಬನ ಖಾಸಗಿ ಅಥವಾ ಗೃಹಕೃತ್ಯದ ಉದ್ದೇಶಗಳನ್ನು ತನ್ನ ವ್ಯಾಪ್ತಿಯ ಹೊರಗಿಟ್ಟಿದೆ. ಒಂದೇ ಮನೆಯಲ್ಲಿರುವ ಇನ್ನೊಬ್ಬರ ಒಪ್ಪಿಗೆಯಿಲ್ಲದೆ ವಾಸದ ಭಾಗದಲ್ಲಿ ಕ್ಯಾಮೆರಾ ಹಾಕುವಂತಿಲ್ಲವೆಂಬ ಕಲಕತ್ತೆಯ ಉಚ್ಚ ನ್ಯಾಯಾಲಯದ ತೀರ್ಪಿನಲ್ಲಿ 2025ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕೈಹಾಕಲಿಲ್ಲ. ಅಲ್ಲಿ ಜಗಳವಿದ್ದುದು ಅಣ್ಣತಮ್ಮಂದಿರಲ್ಲಿ. ಕೂಲಿಯ ಹೆಂಗಸಾಗಲಿ ಸೊಸೆಯಾಗಲಿ ಇದಕ್ಕಾಗಿ ನ್ಯಾಯಾಲಯದ ಮೆಟ್ಟಿಲೇರುವುದು ಎಷ್ಟರ ಮಟ್ಟಿಗೆ ಸಾಧ್ಯವೆಂಬುದನ್ನು ವಾಚಕರೇ ಊಹಿಸಬಹುದು.

ಕಡೆಯದಾಗಿ ಓಟದ ಮಾತು. ಬೆಂಗಳೂರಿನ ಕಚೇರಿಯಲ್ಲಿ ಕುಳಿತವನು ತನ್ನ ಬಾಗೇವಾಡಿಯ ಮನೆಯ ಬೀಗವನ್ನು ಯಾರೋ ಅಲ್ಲಾಡಿಸುವುದನ್ನು ಕಂಡನೆನ್ನೋಣ. ಅವನು ಮೊದಲು ಮಾಡುವ ಕೆಲಸವೇನು? 112ಕ್ಕೆ ಕರೆಮಾಡಬಹುದು, ಆದರೆ ಬಹುತೇಕ ಅದಕ್ಕೂ ಮೊದಲು ಪಕ್ಕದ ಮನೆಯ ಕಾಕಾನಿಗೋ ಎದುರುಮನೆಯ ಅವ್ವನಿಗೋ ಫೋನು ಮಾಡುತ್ತಾನೆ. ಬೀಗದ ಇನ್ನೊಂದು ಕೀಲಿ ಇರುವುದೂ ಅವರಲ್ಲಿಯೇ. ಕೈಯಲ್ಲಿ ಬ್ಯಾಟರಿ ಹಿಡಿದು ಹೊರಗೆ ಬರುವವರು ಅವರು. ಅವರಿಗೆ ವತನದ ಹೊಲವಿಲ್ಲ, ಕಣದ ಧಾನ್ಯವಿಲ್ಲ. ಬಾರದೆ ಹೋದರೆ ಕೇಳುವ ಹಕ್ಕು ಯಾರಿಗೂ ಇಲ್ಲ. ಓಣಿಯ ಮನೆಗಳೆಲ್ಲ ಒಂದೊಂದಾಗಿ ಬೀಗ ಹಾಕಿಕೊಂಡು ನಗರಕ್ಕೆ ಹೋದಂತೆ ಫೋನು ಮಾಡಬಹುದಾದವರ ಸಂಖ್ಯೆಯೂ ಇಳಿಯುತ್ತಿದೆ. ಕ್ಯಾಮೆರಾಗಳ ಸಂಖ್ಯೆ ಮಾತ್ರ ಅದೇ ಪ್ರಮಾಣದಲ್ಲಿ ಏರುತ್ತಿದೆ.

ತಳವಾರ, ವಾಲೀಕಾರ ಎಂಬ ಅಡ್ಡಹೆಸರುಗಳು ನಮ್ಮ ಕಾಲೇಜುಗಳ ಹಾಜರಿಪುಸ್ತಕದಲ್ಲಿ ಈಗಲೂ ಹೇರಳವಾಗಿವೆ. ಆ ಮನೆತನಗಳ ಪೆಟ್ಟಿಗೆಗಳಲ್ಲಿ ವತನದ ಸನದುಗಳು, ಮೋಡಿ ಲಿಪಿಯ ಕಾಗದಗಳು ಇರುವುದುಂಟು. ಅವು ಜಮೀನಿನ ತಕರಾರಿಗೆ ಮಾತ್ರ ಉಪಯುಕ್ತವೆಂದು ತಿಳಿದು, ತಕರಾರು ಮುಗಿದ ಮೇಲೆ ಕಸಕ್ಕೆ ಹಾಕುವುದನ್ನು ನಾವು ಕಂಡಿದ್ದೇವೆ. ಹುಡೆಗಳ ಕಲ್ಲುಗಳೂ ಹೊಸ ಮನೆಗಳ ಅಡಿಪಾಯಕ್ಕೆ ಹೋಗುತ್ತಿವೆ. ಈ ಸೀಮೆಯ ವಿದ್ಯಾರ್ಥಿಗಳು ಬೇಸಗೆಯ ರಜೆಯಲ್ಲಿ ತಂತಮ್ಮ ಊರಿನ ಹುಡೆಯ ಎತ್ತರ, ಸುತ್ತಳತೆಗಳನ್ನು ಅಳೆದು, ಮನೆಯ ಹಿರಿಯರಿಂದ ಗಸ್ತಿನ ವಿವರಗಳನ್ನು ಕೇಳಿ ಬರೆದು, ಕಾಗದಗಳ ನಕಲನ್ನು ವಿಭಾಗಕ್ಕೆ ಕಳಿಸಿಕೊಟ್ಟರೆ ಮುಂದಿನ ಸಂಚಿಕೆಗಳಲ್ಲಿ ಅವುಗಳನ್ನು ಪ್ರಕಟಿಸಲು ಅನುಕೂಲವಾಗುತ್ತದೆ.